15 ಸೆಕೆಂಡಿನ ಪರೀಕ್ಷೆ ಹುಟ್ಟಿದ ಬಗೆ

ಬೆಂಗಳೂರು ದಂಡಿನ ಕಬ್ಬನ್ ರಸ್ತೆಯಲ್ಲಿ, ಮಾಣೆಕ್ ಷಾ ಪರೇಡ್ ಮೈದಾನದ ಹತ್ತಿರ, ಸೇನೆಯ ಸೆಲೆಕ್ಷನ್ ಸೆಂಟರ್ ಸೌತ್ ಇದೆ. ಶಿವಾಜಿನಗರದ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಸೇನೆಯಲ್ಲಿ ಅಧಿಕಾರಿಯಾಗಬೇಕೆಂದು ಬರುವ ಯುವಕ ಯುವತಿಯರು ಎದೆಗೆ ನಂಬರು ಕಟ್ಟಿಕೊಂಡು ಸಾಮಾನ್ಯವಾಗಿ 5 ದಿನ ಇಲ್ಲಿ ಉಳಿಯುತ್ತಾರೆ. ಹಗ್ಗ, ಹಲಗೆ, ಮರದ ದಿಮ್ಮಿ, ಗುಂಪುಚರ್ಚೆ, ಸಂದರ್ಶನ ಎಲ್ಲವೂ ಉಂಟು. ಆದರೆ ಅನೇಕರ ನಿದ್ದೆ ಕೆಡಿಸುವುದು ಮೇಜು ಕುರ್ಚಿ ಹಾಕಿದ ಒಂದು ಕೋಣೆ.

ಅಲ್ಲಿ ಮೊದಲು ಮಸುಕು ಮಸುಕಾದ ಚಿತ್ರಗಳನ್ನು ತೋರಿಸುತ್ತಾರೆ. ಒಂದೊಂದನ್ನೂ 30 ಸೆಕೆಂಡು ನೋಡಿ 4 ನಿಮಿಷದಲ್ಲಿ ಕತೆ ಬರೆಯಬೇಕು. ಹೀಗೆ 11 ಚಿತ್ರ; ಹನ್ನೆರಡನೆಯದು ಖಾಲಿ ಹಾಳೆ, ಚಿತ್ರವನ್ನೂ ನೀವೇ ಕಲ್ಪಿಸಿಕೊಳ್ಳಬೇಕು. ಆಮೇಲೆ ಪದಗಳ ಸರದಿ. ಒಂದು ಪದ ಕಾಣುತ್ತದೆ. ಅದನ್ನು ನೋಡಿದೊಡನೆ ಮನಸ್ಸಿಗೆ ಬಂದದ್ದನ್ನು 15 ಸೆಕೆಂಡಿನೊಳಗೆ ಬರೆಯಬೇಕು. ಪೆನ್ನು ಎತ್ತುವಷ್ಟರಲ್ಲಿ ಇನ್ನೊಂದು ಪದ. ಒಟ್ಟು 60. ಬಳಿಕ ಅರ್ಧ ಗಂಟೆಯಲ್ಲಿ 60 ಸಂದರ್ಭಗಳು: ಹೀಗಾದರೆ ನೀನೇನು ಮಾಡುತ್ತೀ? ಕೊನೆಗೆ 15 ನಿಮಿಷದಲ್ಲಿ ತನ್ನದೇ ಪರಿಚಯ: ತಂದೆತಾಯಿ, ಮೇಷ್ಟ್ರು, ಗೆಳೆಯರು ನಿನ್ನ ಬಗ್ಗೆ ಏನೆನ್ನುತ್ತಾರೆ, ನೀನೇನೆನ್ನುತ್ತೀ, ಮುಂದೆ ಹೇಗಾಗಬೇಕೆಂದಿದ್ದೀ.

ಇಷ್ಟರಿಂದ ಒಬ್ಬ ಮನುಷ್ಯನ ಒಳಗನ್ನು ಅಳೆಯಬಹುದೆಂದು ಮೊದಲು ಯಾರಿಗೆ ಹೊಳೆಯಿತು? ಸೇನೆಗೂ, ಕೆಲವು ದೇಶಗಳಲ್ಲಿ ಪೊಲೀಸ್ ಕೆಲಸಕ್ಕೂ ಆಳುಗಳನ್ನು ಆರಿಸುವ ಇಂಥ ವಿಧಾನ ಒಬ್ಬರ ತಲೆಯಿಂದ ಬಂದದ್ದಲ್ಲ. ಲಂಡನ್ನಿನ ಒಂದು ಬೀದಿಯಲ್ಲಿ ಶುರುವಾಗಿ ನಾಲ್ಕೈದು ದೇಶ ಸುತ್ತಿ ಬಂದ ಕತೆ ಇದು. ಪೊಲೀಸ್ ಕೆಲಸಕ್ಕೋ ಸೇನೆಗೋ ಸಿದ್ಧರಾಗುತ್ತಿರುವವರು ಇದನ್ನು ತಿಳಿದಿರಬೇಕು. ಪರೀಕ್ಷೆ ಏಕೆ ಹುಟ್ಟಿತೆಂದು ತಿಳಿದರೆ ಅದಕ್ಕೆ ಹೇಗೆ ತಯಾರಾಗಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಪುಸ್ತಕದ ಕೆಳಗಿಟ್ಟ ಪದ

ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿದ್ವಾಂಸ ಒಮ್ಮೆ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ 450 ಗಜ ನಡೆದ. ಕಣ್ಣಿಗೆ ಬಿದ್ದ ಒಂದೊಂದು ವಸ್ತುವಿನ ಮೇಲೂ ಗಮನವಿಟ್ಟು, ಅದು ಮನಸ್ಸಿನಲ್ಲಿ ಏನನ್ನು ಎಬ್ಬಿಸುತ್ತದೆಂದು ನೋಡಿಕೊಂಡ. ಸುಮಾರು 300 ವಸ್ತುಗಳಾದವು. ತನ್ನ ಇಡೀ ಬದುಕು ಆ ಒಂದು ಬೀದಿಯಲ್ಲಿ ಮೇಲೆದ್ದು ಬಂದದ್ದು ಕಂಡು ಅವನಿಗೇ ಅಚ್ಚರಿಯಾಯಿತು.

ಇದನ್ನು ಅಳತೆಗೆ ತರಬೇಕೆಂದು ಅವನು 75 ಪದಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದಿಟ್ಟ. ಒಂದು ಚೀಟಿಯನ್ನು ಪುಸ್ತಕದ ಅಡಿಯಲ್ಲಿ ಇಡುತ್ತಿದ್ದ. ನೆಟ್ಟಗೆ ಕೂತರೆ ಪದ ಕಾಣದು, ಮುಂದಕ್ಕೆ ಬಾಗಿದರೆ ಕಾಣುತ್ತದೆ. ಬಾಗಿ ಓದಿದ ಕೂಡಲೇ ಕೈಯಲ್ಲಿದ್ದ ಗಡಿಯಾರ ಒತ್ತಿ, ಒಂದೆರಡು ಯೋಚನೆ ಮೂಡಿದೊಡನೆ ನಿಲ್ಲಿಸಿ, ಬಂದದ್ದನ್ನು ಬರೆದುಕೊಳ್ಳುತ್ತಿದ್ದ. ಅದೇ ಪದಗಳನ್ನು ಬೇರೆ ಬೇರೆ ಜಾಗದಲ್ಲಿ, ನಡುವೆ ದಿನಗಳನ್ನು ಬಿಟ್ಟು, 4 ಸಲ ಪರೀಕ್ಷಿಸಿದ. 660 ಸೆಕೆಂಡುಗಳಲ್ಲಿ 505 ಯೋಚನೆಗಳು ಬಂದಿದ್ದವು. ಅವುಗಳಲ್ಲಿ ಬೇರೆ ಬೇರೆಯಾದವು 289 ಮಾತ್ರ. ಮನಸ್ಸು ಅದದೇ ಜಾಡಿನಲ್ಲಿ ಮತ್ತೆ ಮತ್ತೆ ನಡೆಯುತ್ತದೆಂದು ಹೀಗೆ ಗೊತ್ತಾಯಿತು. ಮರುಕಳಿಸಿದವುಗಳಲ್ಲಿ ದೊಡ್ಡ ಪಾಲು ಬಾಲ್ಯದವು, ಹುಡುಗುತನದವು. 1879ರಲ್ಲಿ ಅವನು ಇದನ್ನು ಪ್ರಕಟಿಸಿದ. ಆಗ ಬಂದ ಯೋಚನೆಗಳು ಮನುಷ್ಯನನ್ನು ಎಷ್ಟು ಬಯಲು ಮಾಡುತ್ತವೆಂದರೆ, ಎಲ್ಲವನ್ನೂ ಅಚ್ಚು ಹಾಕಿಸಲು ಅವನೇ ಹಿಂಜರಿದ.

ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕಾರ್ಲ್ ಯೂಂಗ್ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ರೋಗಿಗೆ ಒಂದು ಪದ ಹೇಳಿ, ಅವನು ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಂಡನೆಂದು ಗಡಿಯಾರ ಹಿಡಿದು ನೋಡುತ್ತಿದ್ದ. ಎಲ್ಲಿ ತಡವರಿಸುತ್ತಾನೋ ಅಲ್ಲಿ ಒಳಗೆ ಏನೋ ನೋವಿದೆ, ಸಿಕ್ಕಿದೆ. ಕಬ್ಬನ್ ರಸ್ತೆಯ ಕೋಣೆಯಲ್ಲಿ ಗಡಿಯಾರ ಇರುವುದಕ್ಕೆ ಕಾರಣ ಇದು. ಯೋಚಿಸಿ ಸಿಂಗರಿಸಲು ಸಮಯ ಸಿಕ್ಕರೆ ಬರೆಯುವುದು ನಾಲಗೆ. ಸಿಗದಿದ್ದರೆ ಬರೆಯುವುದು ಮನಸ್ಸು.

ಹಾಸಿಗೆ ಹಿಡಿದ ಹುಡುಗನ ಕತೆಗಳು

ಚಿತ್ರ ನೋಡಿ ಕತೆ ಕಟ್ಟುವ ಪರೀಕ್ಷೆಯ ಹಿಂದೆ ಒಬ್ಬ ತಾಯಿ ಇದ್ದಾಳೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಮರ್ರೆಯವರ ಬಳಿ ಓದುತ್ತಿದ್ದ ಸಿಸಿಲಿಯಾ ರಾಬರ್ಟ್ಸ್ ಎಂಬಾಕೆಯ ಮಗನಿಗೆ ಮೈ ಹುಷಾರಿರಲಿಲ್ಲ. ಮಲಗಿದಲ್ಲೇ ಪತ್ರಿಕೆಗಳ ಚಿತ್ರ ನೋಡುತ್ತ ಅವನು ಕತೆ ಕಟ್ಟಿಕೊಂಡು ದಿನ ಕಳೆದ. ಆಕೆ ಅದನ್ನು ಗುರುವಿಗೆ ಹೇಳಿ, ಚಿಕಿತ್ಸಾಲಯದಲ್ಲಿಯೂ ಹೀಗೆ ಚಿತ್ರ ತೋರಿಸಿದರೆ ಜನರ ಮನಸ್ಸು ತಿಳಿಯಬಹುದೇ ಎಂದು ಕೇಳಿದಳು. ಮರ್ರೆ ಮತ್ತು ಅವರ ಸಹೋದ್ಯೋಗಿ ಕ್ರಿಸ್ಟಿಯಾನಾ ಮಾರ್ಗನ್ ಚಿತ್ರಗಳನ್ನು ಹುಡುಕಿದರು. ಕೆಲವನ್ನು ಮಾರ್ಗನ್ ತಾವೇ ಬರೆದರು. 1935ರಲ್ಲಿ ಇಬ್ಬರ ಹೆಸರಿನಲ್ಲಿ ಪರೀಕ್ಷೆ ಬೆಳಕಿಗೆ ಬಂತು, ಮಾರ್ಗನ್ ಹೆಸರು ಮೊದಲು. 1943ರಲ್ಲಿ ಅಚ್ಚಾದಾಗ ಮಾತ್ರ ಮಾರ್ಗನ್ ಹೆಸರು ಉಳಿಯಲಿಲ್ಲ. 31 ಕಾರ್ಡುಗಳಲ್ಲಿ ಒಂದು ಪೂರ್ತಿ ಖಾಲಿ.

ಚಿತ್ರ ಬೇಕೆಂದೇ ಅಸ್ಪಷ್ಟ. ಒಬ್ಬ ಹುಡುಗ ಮುಚ್ಚಿದ ಬಾಗಿಲಿನ ಮುಂದೆ ಕೂತಿದ್ದಾನೆ ಎಂದಿಟ್ಟುಕೊಳ್ಳಿ. ಒಬ್ಬ ಅಭ್ಯರ್ಥಿ, ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಹೋಗಲು ಹೆದರಿ ಕೂತಿದ್ದಾನೆ ಎಂದು ಬರೆಯುತ್ತಾನೆ. ಇನ್ನೊಬ್ಬ, ಪಕ್ಕದ ಮನೆಯ ಅಜ್ಜಿ ಆಸ್ಪತ್ರೆಗೆ ಹೋಗಿದ್ದಾಳೆ, ಅವಳು ಬರುವ ತನಕ ಮನೆ ಕಾಯುತ್ತಿದ್ದಾನೆ ಎಂದು ಬರೆಯುತ್ತಾನೆ. ಚಿತ್ರದಲ್ಲಿ ಫೇಲೂ ಇಲ್ಲ, ಅಜ್ಜಿಯೂ ಇಲ್ಲ. ಬರೆದವನು ತನ್ನ ಮನೆಯಿಂದ ತಂದದ್ದು ಅದು. ಒಂದು ಕತೆಯಿಂದ ಯಾರೂ ತೀರ್ಪು ಕೊಡುವುದಿಲ್ಲ. ಹನ್ನೆರಡರಲ್ಲಿಯೂ ಯಾರೋ ಹೊರಗಿನವರು ಬಂದೇ ಕಷ್ಟ ಬಿಡಿಸಿದರೆ ಅಥವಾ ಹನ್ನೆರಡರಲ್ಲಿಯೂ ಕತೆಯ ನಾಯಕ ಎದ್ದು ನಿಂತು ಏನಾದರೂ ಮಾಡಿದರೆ, ಆಗ ಒಂದು ಜಾಡು ಕಾಣುತ್ತದೆ.

ಪೊಲೀಸರಿಗೆ ಮೊದಲ ಪರೀಕ್ಷೆ

ಪೊಲೀಸ್ ಕೆಲಸಕ್ಕೆ ಬಂದವರ ಮನಸ್ಸಳೆಯುವ ಪ್ರಯತ್ನ ಇದಕ್ಕೂ ಹಿಂದಿನದು. 1916ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಕೆಲಸಕ್ಕೆ ಅರ್ಜಿ ಹಾಕಿದ 30 ಜನರಿಗೆ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಬುದ್ಧಿಶಕ್ತಿಯ ಪರೀಕ್ಷೆ ಕೊಟ್ಟ. ಸಾಮಾನ್ಯ ಸರಾಸರಿ 100 ಎಂದಿಟ್ಟುಕೊಂಡ ಆ ಅಳತೆಯಲ್ಲಿ ಇವರ ಸರಾಸರಿ 84 ಬಂತು. 80ಕ್ಕಿಂತ ಕೆಳಗಿನವರನ್ನು ತೆಗೆದುಕೊಳ್ಳಬಾರದೆಂದು ಅವನು ಸಲಹೆ ಮಾಡಿದ.

ಆದರೆ ಲಾಠಿ ಹಿಡಿದವನು ಸಿಟ್ಟು ಬಂದಾಗ ಏನು ಮಾಡುತ್ತಾನೆ, ಅಧಿಕಾರ ಸಿಕ್ಕಾಗ ಬಡವನ ಜೊತೆ ಹೇಗೆ ಮಾತಾಡುತ್ತಾನೆ ಎಂಬುದನ್ನು ಬುದ್ಧಿಯ ಅಂಕ ಹೇಳಲಾರದು. ಜಾಣನೂ ಕ್ರೂರಿಯಾಗಬಹುದು. ಬೇಕಾಗಿದ್ದದ್ದು ಸ್ವಭಾವದ ಪರೀಕ್ಷೆ.

ಅದಕ್ಕೆ ದಾರಿ ತೆರೆದದ್ದು ಮಿನೆಸೋಟಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ. ಮನಶ್ಶಾಸ್ತ್ರಜ್ಞ ಸ್ಟಾರ್ಕ್ ಹ್ಯಾಥವೇ ಮತ್ತು ವೈದ್ಯ ಮೆಕಿನ್ಲಿ ಐನೂರಕ್ಕೂ ಹೆಚ್ಚು ಸಣ್ಣ ಸಣ್ಣ ಹೇಳಿಕೆಗಳನ್ನು ಒಟ್ಟು ಮಾಡಿದರು. ಓದಿದವರು ಸರಿ ಅಥವಾ ತಪ್ಪು ಎನ್ನಬೇಕು, ಅಷ್ಟೇ. ರೋಗಿಗಳ ಉತ್ತರವನ್ನು ಆರೋಗ್ಯವಂತರ ಉತ್ತರದೊಡನೆ ಹೋಲಿಸಬೇಕಿತ್ತು. ಆರೋಗ್ಯವಂತರನ್ನು ಎಲ್ಲಿಂದ ತರುವುದು? ರೋಗಿಗಳನ್ನು ನೋಡಲು ಆಸ್ಪತ್ರೆಗೆ ಬರುತ್ತಿದ್ದ ನೆಂಟರಿಷ್ಟರನ್ನೇ ಕೂರಿಸಿ ಕೇಳಿದರು, 700ಕ್ಕೂ ಹೆಚ್ಚು ಜನರನ್ನು.

ಇಲ್ಲಿಯೇ ಅವರಿಗೆ ಒಂದು ತೊಡಕು ಎದುರಾಯಿತು. ಜನ ತಮ್ಮನ್ನು ಇದ್ದದ್ದಕ್ಕಿಂತ ಒಳ್ಳೆಯವರೆಂದು ತೋರಿಸಿಕೊಂಡರೆ? ಹಾರ್ಟ್ಸ್‌ಹಾರ್ನ್ ಮತ್ತು ಮೇ ಎಂಬಿಬ್ಬರು 1920ರ ದಶಕದಲ್ಲಿ ಶಾಲಾ ಮಕ್ಕಳ ಸುಳ್ಳು, ಮೋಸ, ಪ್ರಾಮಾಣಿಕತೆಯ ಮೇಲೆ ದೊಡ್ಡ ಅಧ್ಯಯನ ನಡೆಸಿದ್ದರು. ಅದರಿಂದ ಎಳೆ ಹಿಡಿದು ಹ್ಯಾಥವೇ 15 ಹೇಳಿಕೆಗಳನ್ನು ಅಲ್ಲಲ್ಲಿ ಸೇರಿಸಿದರು. ಒಂದೊಂದೂ ಎಲ್ಲರಲ್ಲಿಯೂ ಇರುವ ಸಣ್ಣ ದೌರ್ಬಲ್ಯದ ಮಾತು: ಆಗೀಗ ಸಿಟ್ಟು ಬರುವುದು, ಹೇಳಿಕೊಳ್ಳಲಾಗದ ಕೆಟ್ಟ ಯೋಚನೆ ಸುಳಿಯುವುದು, ಹೀಗೆ. ಇವೆಲ್ಲಕ್ಕೂ ‘ನನಗಿಲ್ಲ’ ಎಂದವನು ದೇವರಾಗಿರಬೇಕು ಅಥವಾ ಸುಳ್ಳು ಹೇಳುತ್ತಿರಬೇಕು. ಎಂಎಂಪಿಐ ಎಂಬ ಹೆಸರಿನಲ್ಲಿ 1943ರಲ್ಲಿ ಪ್ರಕಟವಾದ ಈ ಪರೀಕ್ಷೆಯ ಜಾಣತನ ಇರುವುದು ಇಲ್ಲಿ: ಉತ್ತರವನ್ನು ನೋಡುವ ಮೊದಲು ಉತ್ತರ ಕೊಟ್ಟವನನ್ನು ಎಷ್ಟು ನಂಬಬಹುದೆಂದು ನೋಡುತ್ತದೆ. 1950ರ ದಶಕದಲ್ಲಿ ಲಾಸ್ ಏಂಜಲೀಸ್ ಪೊಲೀಸರು ಇದನ್ನು ನೇಮಕಾತಿಗೆ ತಂದರು. ಅಮೆರಿಕದ ಪೊಲೀಸ್ ನೇಮಕಾತಿಯಲ್ಲಿ ಈ ಪರೀಕ್ಷೆಯ ಹೊಸ ರೂಪಗಳು, ಅವುಗಳ ಜೊತೆಗೆ ಮನಶ್ಶಾಸ್ತ್ರಜ್ಞರೊಡನೆ ಮುಖಾಮುಖಿ ಮಾತುಕತೆ, ಇವತ್ತಿಗೂ ಬಳಕೆಯಲ್ಲಿವೆ.

ಅಪ್ಪ ಯಾರು ಎಂದು ಕೇಳುವುದು ನಿಂತ ದಿನ

ಈ ಬಿಡಿ ಎಳೆಗಳನ್ನೆಲ್ಲ ಹೊಸೆದದ್ದು ಯುದ್ಧ. ಎರಡನೇ ಮಹಾಯುದ್ಧದ ಆರಂಭದಲ್ಲಿ ಬ್ರಿಟನ್ ತನ್ನ ಸೇನಾಧಿಕಾರಿಗಳನ್ನು ಸುಮಾರು 20 ನಿಮಿಷದ ಸಂದರ್ಶನದಲ್ಲಿ ಆರಿಸುತ್ತಿತ್ತು. ಯಾವ ಶಾಲೆ, ಅಪ್ಪ ಏನು ಮಾಡುತ್ತಾರೆ, ಯಾವ ಆಟ ಆಡುತ್ತೀ? ದೊಡ್ಡ ಮನೆತನದ ಮಕ್ಕಳು ಸುಲಭವಾಗಿ ಪಾರಾಗುತ್ತಿದ್ದರು. 1941ರ ಹೊತ್ತಿಗೆ ಹೀಗೆ ಆರಿಸಿಬಂದವರಲ್ಲಿ ತರಬೇತಿಯಲ್ಲಿ ಸೋಲುವವರು ಹೆಚ್ಚಾದರು. ಹಾಗೆ ಸೋತು ಹಿಂದಿರುಗಿದವರಲ್ಲಿ ಕೆಲವರು ಮನಸ್ಸು ಕುಸಿದು ಆಸ್ಪತ್ರೆ ಸೇರಿದರು.

ಸ್ಕಾಟ್ಲೆಂಡಿನ ಸೇನಾ ವಿಭಾಗದ ಮುಖ್ಯಸ್ಥ ಜನರಲ್ ಆಂಡ್ರ್ಯೂ ಥಾರ್ನ್ ಹಿಂದೆ ಬರ್ಲಿನ್‌ನಲ್ಲಿ ಸೇನಾ ಪ್ರತಿನಿಧಿಯಾಗಿದ್ದವರು. ಜರ್ಮನರು ಮನಶ್ಶಾಸ್ತ್ರಜ್ಞರನ್ನಿಟ್ಟುಕೊಂಡು ಅಧಿಕಾರಿಗಳನ್ನು ಆರಿಸುವುದನ್ನು ಅವರು ಬಲ್ಲವರಾಗಿದ್ದರು. ಅವರ ಬೆಂಬಲದಿಂದ ಎಡಿನ್‌ಬರೋದಲ್ಲಿ ಪ್ರಯೋಗ ನಡೆಯಿತು. 1942ರಲ್ಲಿ ಮೊದಲ ಆಯ್ಕೆ ಮಂಡಳಿ ಅಲ್ಲಿಯೇ ಕೆಲಸ ಆರಂಭಿಸಿತು. ಎರಿಕ್ ವಿಟ್ಕವರ್, ಫರ್ಗುಸನ್ ರಾಜರ್, ಜಾಕ್ ಸದರ್ಲೆಂಡ್, ಎರಿಕ್ ಟ್ರಿಸ್ಟ್, ವಿಲ್ಫ್ರೆಡ್ ಬಯೋನ್ ಇದರಲ್ಲಿ ದುಡಿದವರು. ಬಯೋನ್ ಹುಟ್ಟಿದ್ದು ನಮ್ಮ ಮಥುರಾದಲ್ಲಿ, 1897ರಲ್ಲಿ. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಪಡೆಯಲ್ಲಿ ಹೋರಾಡಿ ಪದಕ ಪಡೆದವರು. ಅವರಿಗೆ ಹೊಳೆದದ್ದು ಸರಳ ಉಪಾಯ: ಎಂಟು ಹತ್ತು ಜನರಿಗೆ ಒಂದು ಕೆಲಸ ಕೊಡಿ, ನಾಯಕ ಯಾರೆಂದು ಹೇಳಬೇಡಿ, ಸುಮ್ಮನೆ ನೋಡಿ. ಪ್ರತಿಯೊಬ್ಬನಿಗೂ ತಾನು ಗೆಲ್ಲಬೇಕು. ಗುಂಪು ಸೋತರೆ ತಾನೂ ಇಲ್ಲ. ಈ ಎಳೆದಾಟದಲ್ಲಿ ಯಾರು ಇನ್ನೊಬ್ಬನ ಮಾತಿಗೆ ಕಿವಿಗೊಡುತ್ತಾನೆ, ಯಾರು ತುಳಿಯುತ್ತಾನೆ ಎಂಬುದು ತಾನೇ ತೋರುತ್ತದೆ.

ಬರೆಸುವ ಪರೀಕ್ಷೆಗಳಾಗಿ ಗಾಲ್ಟನ್ ಪದಗಳೂ ಮಾರ್ಗನ್–ಮರ್ರೆ ಚಿತ್ರಗಳೂ ಬಂದವು. ಜೊತೆಗೆ ಎರಡು ಸ್ವಪರಿಚಯ: ಆಪ್ತ ಗೆಳೆಯ ನಿನ್ನನ್ನು ಹೇಗೆ ಬಣ್ಣಿಸುತ್ತಾನೆ, ಕಟು ಟೀಕಾಕಾರ ಹೇಗೆ ಬಣ್ಣಿಸುತ್ತಾನೆ? ಕಬ್ಬನ್ ರಸ್ತೆಯಲ್ಲಿ ಇಂದು ಬರೆಯಿಸುವ ಸ್ವಪರಿಚಯದ ಮೂಲ ಇದೇ.

ವಿರೋಧವೂ ಇತ್ತು. ಪ್ರಧಾನಿ ಚರ್ಚಿಲ್ ಸೇನೆಯೊಳಗೆ ಮನೋವೈದ್ಯರ ಕೆಲಸವನ್ನು ಆದಷ್ಟು ಕಡಿಮೆ ಮಾಡಬೇಕೆಂದು 1942ರ ಕೊನೆಯಲ್ಲಿ ಟಿಪ್ಪಣಿ ಬರೆದರು. ಆದರೂ ಮಂಡಳಿಗಳು ನಿಲ್ಲಲಿಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ್ದವು.

ಡೆಹ್ರಾಡೂನಿನಿಂದ ದಂಡಿಗೆ

1943ರಲ್ಲಿ ಡೆಹ್ರಾಡೂನಿನಲ್ಲಿ ಇಂಥ ಪ್ರಾಯೋಗಿಕ ಮಂಡಳಿ ಶುರುವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಅದನ್ನು ನಮ್ಮವರು ಕೈಬಿಡಲಿಲ್ಲ. 1949ರಲ್ಲಿ ಮನಶ್ಶಾಸ್ತ್ರ ಸಂಶೋಧನಾ ವಿಭಾಗ ಹುಟ್ಟಿತು. ಅದೇ ಬೆಳೆದು ಇಂದು ಡಿಆರ್‌ಡಿಒ ಅಡಿಯಲ್ಲಿ ದೆಹಲಿಯಲ್ಲಿರುವ ರಕ್ಷಣಾ ಮನಶ್ಶಾಸ್ತ್ರ ಸಂಶೋಧನಾ ಸಂಸ್ಥೆ. ಪರೀಕ್ಷೆಗಳನ್ನು ರೂಪಿಸುವುದು, ಪರೀಕ್ಷಕರಿಗೆ ತರಬೇತಿ ಕೊಡುವುದು ಅಲ್ಲಿಯೇ.

ಇಲ್ಲಿ ನಮ್ಮ ನಾಡಿನ ಒಬ್ಬರನ್ನು ನೆನೆಯಲೇಬೇಕು. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿ ಆರಂಭಿಸಿದವರೆಂದು ನಾವೆಲ್ಲ ಬಲ್ಲ ಎಂ.ವಿ. ಗೋಪಾಲಸ್ವಾಮಿ ಮೂಲತಃ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಪಶ್ಚಿಮದ ಬುದ್ಧಿಶಕ್ತಿ ಪರೀಕ್ಷೆಗಳನ್ನು ಇದ್ದ ಹಾಗೆ ತರದೆ ಇಲ್ಲಿಯವರಿಗೆ ಒಗ್ಗುವಂತೆ ತಿದ್ದಿದರು. ಪರೀಕ್ಷೆ ಎಲ್ಲಿಂದಲಾದರೂ ಬರಲಿ, ಬರೆಯುವವನ ಬದುಕಿಗೆ ಹೊಂದಬೇಕೆಂಬ ಎಚ್ಚರ ಸೇನೆಗಿಂತ ಮೊದಲೇ ಮೈಸೂರಿನಲ್ಲಿತ್ತು.

ಇಂದು ಸೇನೆಯ ಆಯ್ಕೆ ಮಂಡಳಿಯ ಕೆಲಸವನ್ನು ಮೂವರು ಹಂಚಿಕೊಳ್ಳುತ್ತಾರೆ: ಮನಶ್ಶಾಸ್ತ್ರಜ್ಞ, ಸಂದರ್ಶನಾಧಿಕಾರಿ, ಮೈದಾನದ ಪರೀಕ್ಷಾಧಿಕಾರಿ. ಮನಸಾ, ವಾಚಾ, ಕರ್ಮಣಾ ಎಂದು ಸೇನೆಯವರೇ ಇದನ್ನು ಹೇಳುವುದುಂಟು. ಚಿತ್ರ ನೋಡಿ ಬರೆದ ಕತೆಗೆ ಇಬ್ಬರು ಪರೀಕ್ಷಕರು ಒಂದೇ ಅರ್ಥ ಹಚ್ಚುತ್ತಾರೆಂಬ ಭರವಸೆ ಇಲ್ಲ. ಮನಶ್ಶಾಸ್ತ್ರಜ್ಞರೊಳಗೇ ಈ ಬಗ್ಗೆ ದೊಡ್ಡ ವಾದವಿದೆ. ಆದ್ದರಿಂದಲೇ ಮೂವರೂ ಬೇರೆ ಬೇರೆಯಾಗಿ ನೋಡಿ, ಕೊನೆಯ ದಿನ ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ. ಮನಸ್ಸಿನಲ್ಲಿದ್ದದ್ದು ಮಾತಿನಲ್ಲಿಯೂ ಕೈಯಲ್ಲಿಯೂ ಕಾಣಬೇಕು.

ತಯಾರಿ ಎಂದರೆ ಏನು?

ಇಷ್ಟು ತಿಳಿದ ಮೇಲೆ, ಸಿದ್ಧ ಕತೆ, ಸಿದ್ಧ ವಾಕ್ಯ ಬಾಯಿಪಾಠ ಮಾಡಿಸುವ ತಯಾರಿ ಏಕೆ ಕೈಕೊಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ‘ಸೋಲು’ ಎಂಬ ಪದ ಬಂದಾಗ ‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ನೂರು ಜನ ಬರೆದರೆ ಆ ನೂರು ಹಾಳೆಗಳಲ್ಲಿ ಯಾರೂ ಇಲ್ಲ. ಕೆ.ಆರ್. ಪುರದ ಹುಡುಗನೊಬ್ಬ ‘ಎರಡು ಸಲ ಓಟದಲ್ಲಿ ಹಿಂದೆ ಬಿದ್ದೆ, ಈಗ ಬೆಳಿಗ್ಗೆ ಐದಕ್ಕೇ ಓಡುತ್ತೇನೆ’ ಎಂದು ಬರೆದರೆ ಅಲ್ಲಿ ಒಬ್ಬ ಮನುಷ್ಯ ಸಿಗುತ್ತಾನೆ. ಅಪ್ಪನ ಹೆಸರಿನ ಬಲವಿಲ್ಲದ ಹುಡುಗನಿಗೂ ಬಾಗಿಲು ತೆರೆಯಲೆಂದು ಬೆಳೆದ ಪರೀಕ್ಷೆ ಇದು. ಇನ್ನೊಬ್ಬರು ಬರೆದುಕೊಟ್ಟ ಉತ್ತರ ಒಪ್ಪಿಸಿದರೆ ಆ ಅವಕಾಶವನ್ನು ಕೈಯಾರೆ ಕಳೆದುಕೊಂಡಂತೆ.

ಮಾಡಬೇಕಾದ್ದು ಇಷ್ಟು. ನಿಮ್ಮ ಬದುಕನ್ನು ಒಮ್ಮೆ ಕೂತು ಬರೆಯಿರಿ: ಹೊತ್ತ ಜವಾಬ್ದಾರಿ, ಮಾಡಿದ ತಪ್ಪು, ಅದನ್ನು ತಿದ್ದಿಕೊಂಡ ಬಗೆ. ನಿಮ್ಮ ಬಗ್ಗೆ ಏನನ್ನಿಸುತ್ತದೆಂದು ಮನೆಯವರನ್ನು, ಮೇಷ್ಟ್ರನ್ನು, ಗೆಳೆಯರನ್ನು ನಿಜವಾಗಿಯೂ ಕೇಳಿ. ಗಡಿಯಾರ ಇಟ್ಟುಕೊಂಡು ಬರೆಯುವ ವೇಗ ಕೂಡಿಸಿಕೊಳ್ಳಿ. ಕೈಗೆ ಅಭ್ಯಾಸ ಬೇಕು, ಉತ್ತರಕ್ಕೆ ಬೇಡ. ಸರಿ–ತಪ್ಪು ಪ್ರಶ್ನೆಗಳಿದ್ದರೆ ಸಣ್ಣ ದೋಷಗಳನ್ನು ಧಾರಾಳವಾಗಿ ಒಪ್ಪಿಕೊಳ್ಳಿ. ಸಿಟ್ಟೇ ಬರದ ಪೊಲೀಸು ಯಾರಿಗೂ ಬೇಕಿಲ್ಲ, ಸಿಟ್ಟು ಬಂದಾಗ ಕೈ ತಡೆಯಬಲ್ಲವನು ಬೇಕು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ.

ಒಂದು ಅನ್ಯಾಯವನ್ನು ಮಾತ್ರ ಅಭ್ಯರ್ಥಿ ತಾನಾಗಿ ಸರಿಪಡಿಸಲಾರ. ಸೇನೆಯ ಈ ಪರೀಕ್ಷೆಗಳನ್ನು ಬರೆಯಬೇಕಾದದ್ದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ತಟ್ಟನೆ ಏಳುವ ಯೋಚನೆಗಳಲ್ಲಿ ಮತ್ತೆ ಮತ್ತೆ ಬರುವವು ಹೆಚ್ಚಾಗಿ ಬಾಲ್ಯದವೆಂದು ಗಾಲ್ಟನ್ ಕಂಡುಕೊಂಡಿದ್ದ. ಹಲಸೂರಿನಲ್ಲೋ ಕೋಲಾರದಲ್ಲೋ ಕನ್ನಡದಲ್ಲಿ ಬೆಳೆದ ಹುಡುಗಿಯ ಬಾಲ್ಯ ಕನ್ನಡದಲ್ಲಿದೆ. ಅವಳು 15 ಸೆಕೆಂಡಿನಲ್ಲಿ ಯೋಚಿಸಬೇಕು, ಬೇರೆ ನುಡಿಗೆ ತರಬೇಕು, ಬರೆಯಬೇಕು. ಪರೀಕ್ಷೆ ತಡೆಯಬೇಕೆಂದಿದ್ದ ಸಿಂಗಾರ ಅಲ್ಲಿಯೇ ನುಸುಳುತ್ತದೆ.

ಕರ್ನಾಟಕ ಪೊಲೀಸ್ ಇಲಾಖೆ ಕಾನ್‌ಸ್ಟೆಬಲ್ ಮತ್ತು ಪಿಎಸ್‌ಐಗಳನ್ನು ಆರಿಸುವುದು ಲಿಖಿತ ಪರೀಕ್ಷೆಯ ಅಂಕ, ಓಟ, ಜಿಗಿತ, ಗುಂಡು ಎಸೆತ, ಎತ್ತರ ಎದೆಯಳತೆಗಳಿಂದ. ನೆನಪಿನ ಶಕ್ತಿಯನ್ನೂ ಕಾಲಿನ ಶಕ್ತಿಯನ್ನೂ ಅಳೆಯುತ್ತೇವೆ. ಠಾಣೆಯ ಮೆಟ್ಟಿಲೇರಿ ಬರುವ ಬಡವನನ್ನು ಈತ ಹೇಗೆ ಮಾತಾಡಿಸುತ್ತಾನೆಂದು ಅಳೆಯುವುದಿಲ್ಲ. ಮನಸ್ಸಿನ ವಿದ್ಯೆಯಲ್ಲಿ ದೇಶಕ್ಕೇ ಹೆಸರಾದ ನಿಮ್ಹಾನ್ಸ್ ಇದೇ ಬೆಂಗಳೂರಿನಲ್ಲಿದೆ. ಗೋಪಾಲಸ್ವಾಮಿಯವರು ಹಾಕಿಕೊಟ್ಟ ದಾರಿ ಮೈಸೂರು ವಿಶ್ವವಿದ್ಯಾಲಯದಲ್ಲಿದೆ. ಸರ್ಕಾರ ಈ ಎರಡೂ ಸಂಸ್ಥೆಗಳನ್ನು ಕರೆದು, ನಮ್ಮ ಪೊಲೀಸರಿಗಾಗಿ ಒಂದು ಮನೋಪರೀಕ್ಷೆಯನ್ನು ಮೊದಲಿನಿಂದ ಕನ್ನಡದಲ್ಲಿಯೇ ಕಟ್ಟಿಸಬೇಕು. ಅನುವಾದ ಮಾಡಿಸಿದ್ದಲ್ಲ, ಕನ್ನಡದ ಪದ, ಕನ್ನಡದ ಬೀದಿ, ಕನ್ನಡದ ಸಂದರ್ಭಗಳಿಂದ ಹುಟ್ಟಿದ ಪರೀಕ್ಷೆ. ಖಾಕಿ ತೊಡುವವರಿಗೂ, ಅವರ ಮುಂದೆ ಕೈಮುಗಿದು ನಿಲ್ಲುವ ಜನಕ್ಕೂ ನಾವು ಮಾಡಬೇಕಾದ ಕರ್ತವ್ಯ ಇದು.